ಮ್ಯಾನೇಜರ ಎಡಗಾಲು

ಗುಣವಾಯಿತೆಂದು ನಾವು ಕೈತೊಳೆದುಕೊಂಡ ಹುಣ್ಣುಗಳೆಲ್ಲ ಮತ್ತೆ ಬಾಯಿ ಬಿಡತೊಡಗಿದ ವರ್ಷ ಅದು. ನಾನು ನರ್ಸು. ಶ್ರೀರಂಗಪಟ್ಟಣದ ಆಚೆ ಚರ್ಚಿನವರು ನಡೆಸುವ ಸಣ್ಣ ಆಸ್ಪತ್ರೆಯೊಂದರಲ್ಲಿ ಪಾದದ ವಿಭಾಗ ನನ್ನದಾಗಿತ್ತು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದು, ಮೊಳೆ ನೆಟ್ಟರೂ ಗೊತ್ತಾಗದೆ ಓಡಾಡುವವರು ನಮ್ಮ ರೋಗಿಗಳು. ಸೋಮವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ ಮುಗಿಸಿ ಬೂಕನಕೆರೆ, ಶುಕ್ರವಾರ ನಾಗಮಂಗಲ. ವ್ಯಾನಿನಲ್ಲಿ ನಾನು, ಡ್ರೈವರು ಮತ್ತು ಚಪ್ಪಲಿ ಮಾಡುವ ಅಣ್ಣ, ಮೂರೇ ಜನ.

ಕೆಲಸ ಕಣ್ಣಿಗೆ ಚೆಂದ ಕಾಣುವಂಥದ್ದಲ್ಲ. ಹುಣ್ಣಿನ ಸುತ್ತ ಹಲಗೆಯಂತೆ ಗಟ್ಟಿಯಾದ ಚರ್ಮವನ್ನು ಬ್ಲೇಡಿನಿಂದ ಹೆರೆಯಬೇಕು. ಹೊಸಬರು ಹೆದರಿ ಮೇಲುಮೇಲೆ ಹೆರೆದು ಬಿಡುತ್ತಾರೆ, ಕೀವು ಒಳಗೇ ಉಳಿದು ದಾರಿ ಹುಡುಕಿಕೊಂಡು ಮೂಳೆಯ ಕಡೆಗೆ ಹೋಗುತ್ತದೆ. ಆಮೇಲೆ ರೋಗಿಯನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು, ಗಾಯದ ಜಾಗ ಗುರುತು ಮಾಡಿ ಅಣ್ಣನ ಕೈಗೆ ಕೊಡುತ್ತಿದ್ದೆ. ಅವರು ಮೇಲೆ ಮೆತ್ತನೆಯ ರಬ್ಬರು, ಕೆಳಗೆ ಗಟ್ಟಿ ರಬ್ಬರು ಇಟ್ಟು, ಗುರುತಿನ ಜಾಗದಲ್ಲಿ ತಗ್ಗು ಮಾಡಿ, ಮೊಳೆ ಹೊಡೆಯದೆ ಬರೀ ಅಂಟು ಮತ್ತು ಹೊಲಿಗೆಯಲ್ಲಿ ಚಪ್ಪಲಿ ಮುಗಿಸುತ್ತಿದ್ದರು. ಮೈಭಾರ ಗಾಯದ ಮೇಲೆ ಬೀಳದಿದ್ದರೆ ಅರ್ಧ ಕೆಲಸ ಆದಂತೆ. ಇಷ್ಟೆಲ್ಲ ಮಾಡಿದರೂ ಹುಣ್ಣುಗಳು ಮರಳಿ ಬರುತ್ತಿದ್ದವು. ನಾನು ರೋಗಿಗಳನ್ನು ಬೈಯುತ್ತಿದ್ದೆ. ನನ್ನ ಬಾಯಿ ಜೋರು, ನಾಲ್ಕು ತಾಲ್ಲೂಕಿಗೂ ಗೊತ್ತಿರುವ ವಿಷಯ.

ಅದೇ ವರ್ಷ ನಮ್ಮ ಹಿರಿಯ ಡಾಕ್ಟರು ಆಸ್ಪತ್ರೆಯ ಮುಖ್ಯಸ್ಥರ ಜಾಗದಿಂದ ಇಳಿಯುವುದೆಂದು ತೀರ್ಮಾನವಾಗಿತ್ತು. ಆಪರೇಷನ್ನು ಮಾಡುವುದನ್ನು ಮುಂದುವರಿಸುತ್ತಿದ್ದರು, ಆಡಳಿತ ಮಾತ್ರ ಬೇರೆಯವರಿಗೆ. ಆ ಕುರ್ಚಿ ನನಗೇ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅದರ ಮೇಲೆ ಆಸೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ವ್ಯಾನು ಯಾವ ಊರಿಗೆ ಹೋಗಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಇನ್ನೊಬ್ಬರ ಬಾಗಿಲಲ್ಲಿ ನಿಂತು ಬೇಡುವುದು ನನಗೆ ಸಾಕಾಗಿತ್ತು. ಬಾಗಿಲ ಮೇಲೆ ನನ್ನ ಹೆಸರು ಇರಬೇಕೆಂಬ ಆಸೆಯೂ ಇತ್ತು.

ಎಲ್ಲರಿಗಿಂತ ಮೊದಲು ಆ ಮಾತು ಆಡಿದವನು ಮ್ಯಾನೇಜರು. ನನಗಿಂತ ಚಿಕ್ಕವನು, ನಮ್ಮ ಚರ್ಚಿನವನೇ. ಕಾರ್ಖಾನೆಯ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ಡಾಕ್ಟರ ಕೈಕಾಲು ಹಿಡಿದು ಅವನನ್ನು ಆಸ್ಪತ್ರೆಗೆ ಸೇರಿಸಿದವಳು ನಾನು. ಭಾನುವಾರದ ಪೂಜೆ ಮುಗಿಸಿ ಅವನೂ ಅವನ ಹೆಂಡತಿಯೂ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದರು. "ಅಕ್ಕ, ನೀನ್ ಕೂತ್ಕೊಂಡ್ರೇನೆ ಆ ಕುರ್ಚಿಗೆ ಮರ್ವಾದೆ" ಎನ್ನುತ್ತಿದ್ದ. ನಾನು ನಂಬಿದ್ದೆ.

ಬೂಕನಕೆರೆಯಲ್ಲಿ ಒಬ್ಬ ಅವ್ವ ಇದ್ದರು. ಹೊಲ, ಹಸು, ದೊಡ್ಡ ಸಂಸಾರ. ಹೆಬ್ಬೆರಳ ಬುಡದ ಹುಣ್ಣು ಮೂರನೆಯ ಸಲ ಒಡೆದಿತ್ತು. ಒಂದು ಬುಧವಾರ ಅವರು ಬರಲಿಲ್ಲವೆಂದು ನಾನೇ ಮನೆಗೆ ಹೋದೆ. ಹೊಸ್ತಿಲಾಚೆ ನಮ್ಮ ಚಪ್ಪಲಿ ಇತ್ತು, ಕೊಟ್ಟ ದಿನ ಹೇಗಿತ್ತೋ ಹಾಗೇ. ಅವ್ವ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತು ಮುದ್ದೆ ತಿರುವುತ್ತಿದ್ದರು.

"ಚಪ್ಪಲಿ ಹಾಕ್ಕೊಳ್ಳಲ್ವಾ ಅವ್ವ?"

"ಆಕ್ಕೊತೀನಿ ಕಣವ್ವ. ಆಚೆಗೋಗುವಾಗೆಲ್ಲ ಆಕ್ಕೊತೀನಿ."

"ಆಚೆ ಯಾವಾಗ ಹೋಗ್ತೀರಿ?"

ಅವ್ವ ಯೋಚಿಸಿದರು. "ನಿಮ್ತಾವ್ಕೆ ಬರುವಾಗ."

"ಮತ್ತೆ ಮನೇಲಿ? ಕೊಟ್ಟಿಗೇಲಿ?"

"ಒಳೀಕೆ ಯಾರಾರ ಮೆಟ್ಟು ಆಕ್ಕೊಂಡ್ ಬತ್ತಾರಾ? ದೇವ್ರಿರೋ ಮನೆ ಕಣವ್ವ. ನೀನೇ ಬುಟ್ಟು ಬಂದಿಲ್ವಾ?"

ಹೌದು, ನನ್ನ ಚಪ್ಪಲಿಯೂ ಅವರ ಚಪ್ಪಲಿಯ ಪಕ್ಕದಲ್ಲೇ ಇತ್ತು. ಬಿಡಬೇಕೆಂದು ಯೋಚಿಸಿಯೂ ಇರಲಿಲ್ಲ, ಕಾಲು ತಾನೇ ಬಿಟ್ಟಿತ್ತು. ದಿನವಿಡೀ ಮನೆಯೊಳಗೆ ನಿಂತು ಗೇಯುವವರಿಗೆ ಬೀದಿಯ ಚಪ್ಪಲಿ ಮಾಡಿಕೊಟ್ಟು, ಹುಣ್ಣು ಯಾಕೆ ವಾಸಿಯಾಗಲಿಲ್ಲವೆಂದು ಜಗಳಕ್ಕೆ ನಿಲ್ಲುತ್ತಿದ್ದೆ. ಸಂಜೆ ಆಸ್ಪತ್ರೆಗೆ ವಾಪಸ್ಸು ಬಂದಾಗ ನಮ್ಮ ವಿಭಾಗದ ಬಾಗಿಲಲ್ಲಿ ಕಣ್ಣಿಗೆ ಬಿದ್ದದ್ದು ಬೋರ್ಡು: ಚಪ್ಪಲಿ ಹೊರಗೆ ಬಿಡಿ. ಪಾದದ ಹುಣ್ಣಿನ ಆಸ್ಪತ್ರೆಗೆ ನಾವೇ ಹಾಕಿಸಿದ ಬೋರ್ಡು. ರೋಗಿಗಳು ನಮ್ಮ ಚಪ್ಪಲಿಯನ್ನು ನಮ್ಮ ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಸಾಲು ನಿಂತು ನಮ್ಮ ಹತ್ತಿರ ಬರುತ್ತಿದ್ದರು.

ಅಂದು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಮ್ಯಾನೇಜರಿಗೆ ಎಲ್ಲ ಹೇಳಿದೆ. "ನಮ್ದೇ ತಪ್ಪು ಕಣ್ಲಾ. ಎಷ್ಟ್ ಜನದ್ ಹುಣ್ಣು ನಮ್ ಬಾಗ್ಲಲ್ಲೇ ಬಿಚ್ಕೊಂಡಿತೋ ಏನೋ." ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ಟೀ ಮುಗಿಸಿ ಅವನೇ ಸ್ಟೂಲು ಹತ್ತಿ ಬೋರ್ಡು ಕಿತ್ತ.

ಮನೆಯೊಳಗೆ ಹಾಕುವ ಜೊತೆ ಮಾಡಲು ಹೊರಟೆವು. ಚರ್ಮದ ಒಂದು ಚೂರೂ ಇರಬಾರದು, ಒಗೆಯಲು ಬರಬೇಕು. ಅಣ್ಣ ದಪ್ಪ ಕಾಟನ್ ಪಟ್ಟಿ ಹಾಕಿ ಮೊದಲ ಜೊತೆ ಹೊಲಿದರು. ಪಾಂಡವಪುರದ ಒಬ್ಬಾಕೆ ಒದ್ದೆ ನೆಲದಲ್ಲಿ ಜಾರಿ ಕಂಬ ಹಿಡಿದುಕೊಂಡು ಬಚಾವಾದರು. ಅಡಿಭಾಗಕ್ಕೆ ಗೀರು ಹಾಕಿ ಸರಿ ಮಾಡಿದೆವು. ಪಟ್ಟಿ ಒದ್ದೆಯಾದರೆ ಬೆರಳ ಸಂದು ಕೊಳೆಯುತ್ತದೆಂದು ತಿಳಿದು ಒಬ್ಬೊಬ್ಬರಿಗೆ ಎರಡು ಜೊತೆ ಕೊಡಬೇಕಾಯಿತು. ನಾಗಮಂಗಲದಲ್ಲಿ ಅಕ್ಕಸಾಲಿಯೊಬ್ಬರಿಗೆ ಎಂಥ ಚಪ್ಪಲಿಯೂ ಉಪಯೋಗಕ್ಕೆ ಬರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೆಲಸ ಮಾಡುವ ಮನುಷ್ಯ, ಗಾಯ ಇದ್ದದ್ದು ಕಣಕಾಲಿನ ಹೊರಮಗ್ಗುಲಲ್ಲಿ. ಅವರಿಗೆ ದಿಂಬು ಹೊಲಿದುಕೊಟ್ಟೆವು. ಇದೆಲ್ಲಕ್ಕಿಂತ ಕಷ್ಟದ ಕೆಲಸ ಅತ್ತೆಯರನ್ನು ಒಪ್ಪಿಸುವುದು. ಕೊನೆಗೆ ಆ ತೊಡಕು ಬಿಡಿಸಿದ್ದು ಬೂಕನಕೆರೆಯ ಅವ್ವನೇ. ಹೊಸ ಜೊತೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚರ್ಮ ಇಲ್ಲ, ಬೀದಿ ಕಂಡಿಲ್ಲ. ಇದು ಮೆಟ್ಟಲ್ಲ ಬುಡು, ಕಾಲ್ಗೊಂದು ಬಟ್ಟೆ" ಎಂದು ಮೊದಲು ಅರಿಶಿನದ ಬೊಟ್ಟಿಟ್ಟು, ಆಮೇಲೆ ಹಾಕಿಕೊಂಡು ನೇರ ಅಡುಗೆಮನೆಗೆ ನಡೆದರು. ಅಂದಿನಿಂದ ನಾವೂ ಅದನ್ನು ಕಾಲುಬಟ್ಟೆ ಎಂದೇ ಕರೆದೆವು. ಸುಗ್ಗಿ ಮುಗಿಯುವ ಹೊತ್ತಿಗೆ ಹಟ ಹಿಡಿದಿದ್ದ ಹುಣ್ಣುಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಖುಷಿಯನ್ನು ನಾನು ಕಂಡಿರಲಿಲ್ಲ.

ಆ ಖುಷಿಯಲ್ಲೇ ಇದ್ದಾಗ ಆಸ್ಪತ್ರೆ ನೋಡಿಕೊಳ್ಳುವ ಚರ್ಚಿನ ಟ್ರಸ್ಟಿನವರು ಕರೆದರು. ಶಹಬ್ಬಾಸ್ ಹೇಳುತ್ತಾರೆಂದು ಒಳ್ಳೆಯ ಸೀರೆ ಉಟ್ಟು ಹೋದೆ. ಒಳಗೆ ಮ್ಯಾನೇಜರೂ ಇದ್ದ, ಮೇಜಿನ ಆಚೆ ಬದಿಯಲ್ಲಿ. ಹಿರಿಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡು, ನನ್ನ ಅಜಾಗರೂಕತೆಯಿಂದ ಎಷ್ಟೋ ರೋಗಿಗಳ ಗಾಯ ಮರುಕಳಿಸಿದೆಯಂತೆ, ನಾನೇ ಅದನ್ನು ಒಪ್ಪಿಕೊಂಡಿದ್ದೇನಂತೆ, ಮ್ಯಾನೇಜರು ಸಕಾಲದಲ್ಲಿ ಗಮನಿಸಿ ಕಾಲುಬಟ್ಟೆಯ ಯೋಜನೆ ರೂಪಿಸಿ ಆಸ್ಪತ್ರೆಯ ಮಾನ ಉಳಿಸಿದರಂತೆ ಎಂದರು. ಟೀ ಕುಡಿಯುತ್ತ ಆಡಿದ ಮಾತು. ನಮ್ಮದೇ ತಪ್ಪು ಎಂದದ್ದು ನನ್ನ ತಪ್ಪು ಎಂದಾಗಿತ್ತು. ನಾನು ಮ್ಯಾನೇಜರ ಮುಖ ನೋಡಿದೆ. ಹಾಗಲ್ಲ ಎಂದು ಒಂದು ಮಾತು ಹೇಳುತ್ತಾನೆಂದು ಕಾದೆ. ಅವನು ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದ. ಮುಖ್ಯಸ್ಥರ ಆಯ್ಕೆ ಮುಗಿಯುವವರೆಗೆ ನಾನು ವ್ಯಾನು ಹತ್ತಬಾರದು, ಡ್ರೆಸ್ಸಿಂಗ್ ರೂಮಿನಲ್ಲಿ ಇರಬೇಕು ಎಂದಾಯಿತು. ಅಲ್ಲಿಯವರೆಗೆ ಮ್ಯಾನೇಜರು ಹಂಗಾಮಿ ಮುಖ್ಯಸ್ಥ. ಆ ಜಾಗಕ್ಕೆ ಅವನೂ ಹೆಸರು ಕೊಟ್ಟಿದ್ದ ವಿಷಯ ಅಲ್ಲೇ ತಿಳಿಯಿತು.

ಅವನು ಹೊರಗೆ ಬಂದು ನನ್ನ ಹಿಂದೆ ನಡೆದ. "ಬೇಜಾರ್ ಮಾಡ್ಕೋಬ್ಯಾಡ ಅಕ್ಕ. ನೀನು ಕೋಪಿಷ್ಠೆ. ಆಡಳ್ತ ನಿನ್ಗೆ ಒಗ್ಗಲ್ಲ. ನಿನ್ನ ನಾನ್ ಕೈಬುಡಲ್ಲ."

ಮನೆಗೆ ಬಂದು, ಭಾನುವಾರ ಅವನು ಕೂರುತ್ತಿದ್ದ ಕುರ್ಚಿಯನ್ನು ಹಿತ್ತಿಲಿಗೆ ಎತ್ತಿಟ್ಟೆ. ಅನ್ನ ಹಾಕಿದ ಕೈಯನ್ನೇ ಕಡಿದನಲ್ಲ ಎಂದು ಎದೆ ಉರಿಯುತ್ತಿತ್ತು.

ನಾನು ಸುಮ್ಮನೆ ಕೂರಲಿಲ್ಲ. ಕೆ.ಆರ್. ಪೇಟೆ ಕಡೆಯ ಒಬ್ಬ ಮುಖಂಡರ ತಾಯಿಯ ಕಾಲನ್ನು ನಾನು ಉಳಿಸಿದ್ದೆ. ಟ್ರಸ್ಟಿನ ಕೆಲವು ಸದಸ್ಯರು ಅವರ ಮಾತು ಮೀರುವವರಲ್ಲ. ಸುದ್ದಿ ಕೇಳಿ ಕಾರು ಹಾಕಿಕೊಂಡು ಮನೆಗೇ ಬಂದರು.

"ನೀವ್ ಊಂ ಅನ್ನಿ ಸಿಸ್ಟ್ರೇ. ಕುರ್ಚಿ ನಿಮ್ಗೆ. ಅವ್ನು ಇರೋ ಕೆಲ್ಸಾನೂ ಬುಟ್ಟು ಓಗಂಗೆ ಮಾಡ್ತೀನಿ."

ನಾನು ಊಂ ಅಂದೆ. ಅಂದಿನಿಂದ ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಯಾರ ಕೈ ನನಗೆ ಏಳುತ್ತದೆ, ಯಾರದು ಅವನಿಗೆ ಎಂಬುದೇ ಓಡುತ್ತಿತ್ತು. ನಮ್ಮಲ್ಲಿ ಇಬ್ಬರು ನಿಂತರೆ ಇಬ್ಬರೂ ಸಭೆಗೆ ಬಂದು ಸದಸ್ಯರ ಪ್ರಶ್ನೆಗೆ ಉತ್ತರ ಕೊಡಬೇಕು, ಆಮೇಲೆ ಕೈ ಎತ್ತುವುದು. ಬಾರದವರ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ. ಒಬ್ಬರೇ ಉಳಿದರೆ ಸುಮ್ಮನೆ ಘೋಷಣೆ. ಸಭೆ ಈಸ್ಟರ್ ಕಳೆದ ವಾರಕ್ಕೆ ಇತ್ತು.

ಅದಕ್ಕೆ ಮುಂಚೆ ಪವಿತ್ರ ಗುರುವಾರ ಬಂತು. ಅಂದು ಸಂಜೆ ಪೂಜೆಯಲ್ಲಿ ಫಾದರು ಹನ್ನೆರಡು ಜನರನ್ನು ಮುಂದೆ ಕೂರಿಸಿ, ಮಂಡಿಯೂರಿ ಅವರ ಪಾದ ತೊಳೆಯುತ್ತಾರೆ. ಕರೆ ಬಂದವರು ಎರಡು ದಿನ ಮುಂಚಿನಿಂದಲೇ ಕಲ್ಲು ಹಾಕಿ ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿ, ಹೊರಡುವ ಮುಂಚೆ ಸೋಪು ಹಚ್ಚಿ ತೊಳೆದುಕೊಂಡೇ ಬರುವುದು ನಮ್ಮೂರ ಪದ್ಧತಿ. ಫಾದರಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ ಎಂದು ನಾವು ಹೆಂಗಸರು ಪ್ರತಿ ವರ್ಷ ನಗುತ್ತೇವೆ. ಹಂಗಾಮಿ ಮುಖ್ಯಸ್ಥನೆಂದು ಈ ಸಲ ಮ್ಯಾನೇಜರಿಗೂ ಕುರ್ಚಿ ಹಾಕಿದ್ದರು. ಉಳಿದವರೆಲ್ಲ ಎರಡೂ ಕಾಲು ಚಾಚಿದರು. ಅವನು ಬಲಗಾಲಿನ ಬೂಟು ಮಾತ್ರ ಬಿಚ್ಚಿದ. ಎಡಗಾಲು ಕಪ್ಪು ಬೂಟಿನೊಳಗೆ ಕುರ್ಚಿಯ ಕೆಳಗೇ ಇತ್ತು. ಫಾದರು ಒಂದು ಕ್ಷಣ ಕಾದು, ಒಂದೇ ಕಾಲು ತೊಳೆದು ಮುಂದೆ ಸರಿದರು.

ವಾಪಸ್ಸು ಹೋಗುವಾಗ ಅವನು ನನ್ನ ಪಕ್ಕದಲ್ಲೇ ಹಾದುಹೋದ. ಎಡಗಾಲನ್ನು ಇಡೀ ಒಂದೇ ಸಲ ನೆಲಕ್ಕೆ ಒತ್ತಿ ಇಡುತ್ತಿದ್ದ. ಆಮೇಲೆ ವಾಸನೆ. ಅಗರಬತ್ತಿ, ಹೂವು, ಸಾಂಬ್ರಾಣಿ ಇಷ್ಟೆಲ್ಲದರ ನಡುವೆಯೂ ಕೊಳೆತ ಗಾಯದ ವಾಸನೆ ನನಗೆ ತಪ್ಪುವುದಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು, ಕಾಲು ಜೋಮಾಗಿದ್ದು ಗೊತ್ತಿರಲಿಲ್ಲ.

ಹೊರಗೆ ಡ್ರೈವರು ಕಾಯುತ್ತಿದ್ದ. ಮ್ಯಾನೇಜರು ಕಾಲಿಡುವ ರೀತಿ ಅವನ ಕಣ್ಣಿಗೂ ಬಿದ್ದಿತ್ತು. "ಅಕ್ಕ, ಇನ್ಯಾವ ಮುಖಂಡ್ನೂ ಬ್ಯಾಡ. ಮೀಟಿಂಗಲ್ಲಿ ಬೂಟ್ ಬಿಚ್ಚು ಅನ್ನಿ ಸಾಕು. ತನ್ ಕಾಲೇ ನೋಡ್ಕೊಳಕಾಗ್ದೋನು ಕಾಲಿನ್ ಆಸ್ಪತ್ರೆ ನಡುಸ್ತಾನಾ?"

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ದೃಶ್ಯವನ್ನು ಕಣ್ಣ ಮುಂದೆ ತಂದುಕೊಂಡು ಸವಿದೆ: ಅವನು ಬೂಟು ಬಿಚ್ಚುವುದು, ಸದಸ್ಯರು ಮೂಗು ಮುಚ್ಚಿಕೊಳ್ಳುವುದು.

ಮಾರನೆಯ ದಿನ ಶುಭ ಶುಕ್ರವಾರ. ಉಪವಾಸವಿದ್ದು ಚರ್ಚಿನಲ್ಲಿ ಕೂತಿದ್ದೆ. ಮನಸ್ಸು ಶಿಲುಬೆಯ ಕಡೆ ಹೋಗಲಿಲ್ಲ, ಆ ಬೂಟಿನೊಳಗೇ ಸುತ್ತುತ್ತಿತ್ತು. ಈ ಹೊತ್ತಿಗೆ ಕೀವು ಎಲ್ಲಿಗೆ ಹೋಗಿರುತ್ತದೆ, ಕೆಂಪು ಎಲ್ಲಿಯವರೆಗೆ ಏರಿರುತ್ತದೆ ಎಂದು ನನಗೆ ಗೊತ್ತಿತ್ತು. ಸಭೆಯವರೆಗೆ ಅವನು ಆ ಕಾಲ ಮೇಲೆ ನಿಂತರೆ ಮೊಣಕಾಲ ಕೆಳಗೆ ಏನೂ ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರೆ ನಾನು ಯಾವ ಸೀಮೆಯ ನರ್ಸು? ಚಿಕ್ಕಂದಿನಿಂದ ಕೇಳಿದ ಕಥೆಯೂ ಬಿಡಲಿಲ್ಲ. ಸಾಯುವ ಹಿಂದಿನ ರಾತ್ರಿ ಯೇಸುವಿನಿಂದ ಪಾದ ತೊಳೆಸಿಕೊಂಡ ಹನ್ನೆರಡು ಶಿಷ್ಯರಲ್ಲಿ ಆತನನ್ನು ಹಗೆಗಳಿಗೆ ಹಿಡಿದುಕೊಡಲಿದ್ದವನೂ ಇದ್ದ. ಯೇಸುವಿಗೆ ಅದು ತಿಳಿದಿತ್ತು. ಆದರೂ ನೀರಿನ ಬೋಗುಣಿ ಅವನ ಮುಂದೆಯೂ ಬಂದು ನಿಂತಿತು. ಅದು ದೇವರಾದವನಿಗೆ ಸಲ್ಲುವ ದೊಡ್ಡತನ ಎಂದು ನಾನು ಇಷ್ಟು ದಿನ ಪಕ್ಕಕ್ಕಿಟ್ಟಿದ್ದೆ. ನನ್ನ ಕೈಯಲ್ಲಿರುವುದೂ ಅದೇ ಬೋಗುಣಿಯ ಕೆಲಸ ಎಂದು ಅಂದು ಹೊಳೆದಾಗ ನಿಜಕ್ಕೂ ಸಿಟ್ಟು ಬಂತು. ಬೇರೆ ಯಾರ ಕಾಲಾದರೂ ಆಗಬಾರದಿತ್ತೇ ಎಂದು ದೇವರನ್ನು ಕೇಳಿದೆ.

ಶನಿವಾರ ಬೆಳಿಗ್ಗೆ ಡ್ರೆಸ್ಸಿಂಗ್ ಪೆಟ್ಟಿಗೆ ಹಿಡಿದು ಕಿರಂಗೂರಿನ ಅವನ ಮನೆಗೆ ಹೋದೆ. ಪ್ರೀತಿ ಉಕ್ಕಿ ಬಂದು ಹೋದೆನೆಂದು ಯಾರೂ ತಿಳಿಯಬಾರದು. ಪ್ರೀತಿ ಬರುವವರೆಗೆ ಕಾದರೆ ಕಾಲು ಕಾಯುವುದಿಲ್ಲ.

ಬಾಗಿಲು ತೆಗೆದದ್ದು ಅವನ ಹೆಂಡತಿ. ನನ್ನನ್ನು ಕಂಡು ಅವಳ ಮುಖ ಬಿಳಿಚಿತು. ಅವನು ಒಳಗೆ ಕುರ್ಚಿಯಲ್ಲಿ ಕೂತಿದ್ದ, ಕಣ್ಣು ಜ್ವರದಿಂದ ಕೆಂಪಾಗಿತ್ತು. ನಾನು ಮಾತಾಡದೆ ನೆಲಕ್ಕೆ ಕೂತು ಎಡಗಾಲಿನ ಸಾಕ್ಸಿಗೆ ಕೈ ಹಾಕಿದೆ. ಅದು ಗಾಯಕ್ಕೆ ಅಂಟಿತ್ತು. ಉಪ್ಪುನೀರು ಹಾಕಿ ನೆನೆಸಿ, ನಿಧಾನಕ್ಕೆ ಬಿಡಿಸಿದೆ. ಹೆಬ್ಬೆರಳ ಬುಡದಲ್ಲಿ ಸಣ್ಣ ಬಾಯಿ, ಒಳಗೆ ದೊಡ್ಡ ಪೊಟರೆ. ತೆಳ್ಳನೆಯ ಸಲಾಕೆ ಇಳಿಸಿದೆ, ತುದಿ ಮೂಳೆಗೆ ತಾಕಿತು. ಕೆಂಪು ಕಣಕಾಲಿಗೆ ಮುಟ್ಟಿತ್ತು. ಇಷ್ಟೆಲ್ಲ ಮಾಡುವಾಗ ಅವನು ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ, ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಇವತ್ತೇ ಆಪ್ರೇಷನ್ ಆಗ್ಬೇಕು. ಬೆರಳು ಹೋಗುತ್ತೆ, ಕಾಲು ಉಳಿಯುತ್ತೆ. ಆಮೇಲೆ ಹಾಸಿಗೆ ಬಿಟ್ಟು ಏಳಂಗಿಲ್ಲ" ಎಂದೆ.

"ಮೀಟಿಂಗ್ ಆಗ್ಲಿ."

"ಅಲ್ಲೀತನಕ ನಿಂತ್ಕೊಂಡ್ರೆ ಮೊಣಕಾಲಿಗೆ ಕತ್ತರಿಸ್ಬೇಕಾಗುತ್ತೆ."

ಅವನು ನನ್ನನ್ನೇ ನೋಡಿದ. "ನಾನ್ ಮಲ್ಕೊಂಡ್ರೆ ನನ್ ಹೆಸ್ರು ಬಿದ್ದೋಯ್ತದೆ. ಕುರ್ಚಿ ನಿಂದಾಯ್ತದೆ. ಅದ್ಕೇ ಪೆಟ್ಟಿಗೆ ಇಡ್ಕೊಂಡ್ ಬಂದಿದ್ದೀಯ. ನಂಗೊತ್ತಿಲ್ವಾ ಅಕ್ಕ."

ಟ್ರಸ್ಟಿನ ಮೇಜಿನ ಮುಂದೆ ಆದ ನೋವು ಒಂದು ಪಾಲಾದರೆ ಇದು ಹತ್ತು ಪಾಲು. ಅವನ ಕೀವು ಇನ್ನೂ ನನ್ನ ಗ್ಲೌಸಿನ ಮೇಲೆ ಇತ್ತು. ಎದ್ದು ಹೋಗಿಬಿಡಬೇಕು ಎನ್ನಿಸಿ ಪೆಟ್ಟಿಗೆ ಮುಚ್ಚಿದೆ. ಅವನ ಹೆಂಡತಿ ಬಾಗಿಲಿಗೆ ಅಡ್ಡ ಬಂದಳು. "ಅಕ್ಕ, ಇವ್ರ ಬುದ್ಧಿ ಇಂಗೇ. ಕಾಲ್ ಉಳ್ಸಿ" ಎಂದಳು, ಅಷ್ಟೇ.

ನಾನು ಜಗಲಿಗೆ ಬಂದು ನಿಂತೆ. ಒಳಗಿನ ಗಾಯವೂ ಗೊತ್ತಿತ್ತು, ಅದಕ್ಕೆ ಮದ್ದೂ ಗೊತ್ತಿತ್ತು. ನಾನು ಕುರ್ಚಿಯ ಆಸೆ ಇಟ್ಟುಕೊಂಡಿರುವವರೆಗೆ ಆ ಮದ್ದನ್ನು ಅವನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಅವನು ಗೆದ್ದರೆ ವ್ಯಾನಿಗೆ ನಾನಿನ್ನು ಕಾಲಿಡುವಂತಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಿತ್ತು. ಬೀದಿಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹೋಗುತ್ತಿತ್ತು, ಅದು ದಾಟುವವರೆಗೂ ನಿಂತೇ ಇದ್ದೆ. ಆಮೇಲೆ ಒಳಗೆ ಹೋಗಿ, ಅವನೆದುರೇ ಹಿರಿಯ ಡಾಕ್ಟರಿಗೆ ಫೋನು ಹಚ್ಚಿ, ಅವನಿಗೂ ಕೇಳುವಂತೆ ಇಟ್ಟೆ.

"ಮುಖ್ಯಸ್ಥರ ಜಾಗಕ್ಕೆ ಕೊಟ್ಟಿದ್ದ ನನ್ನ ಹೆಸರು ವಾಪಸ್ ತಗೊಂಡಿದ್ದೀನಿ ಸಾರ್. ಈಗಲೇ ಎಲ್ಲರಿಗೂ ತಿಳಿಸಿಬಿಡಿ."

"ಕೋಪದಲ್ಲಿ ಹೇಳ್ತಿದ್ದೀಯೇನಮ್ಮ?"

"ಹೌದು ಸಾರ್, ಕೋಪದಲ್ಲೇ. ಆದ್ರೂ ತೆಗೀರಿ. ಥಿಯೇಟರ್ ರೆಡಿ ಮಾಡ್ಸಿ, ಒಂದು ಕಾಲು ಕರ್ಕೊಂಡ್ ಬರ್ತಿದ್ದೀನಿ."

ಮ್ಯಾನೇಜರು ನನ್ನ ಹೆಗಲ ಮೇಲೆ ಕೈ ಊರಿ ಎದ್ದ.

ಬೆರಳು ಹೋಯಿತು, ಕಾಲು ಉಳಿಯಿತು. ಅವನು ಹಾಸಿಗೆಯಲ್ಲಿ ಮಲಗಿದ್ದಾಗಲೇ ಅವಿರೋಧ ಆಯ್ಕೆಯ ಘೋಷಣೆಯಾಯಿತು. ಕೆ.ಆರ್. ಪೇಟೆಯ ಮುಖಂಡರು ಫೋನು ಮಾಡಿ, "ನಮ್ ಮಾನ ತೆಗುದ್ಬುಟ್ರಲ್ಲ ಸಿಸ್ಟ್ರೇ, ಇನ್ಮ್ಯಾಕೆ ನಮ್ತಾವ ಬರಬ್ಯಾಡಿ" ಎಂದು ಇಟ್ಟರು. ಡ್ರೈವರು ವಾರಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟ. ಮೊದಲು ದಿನವೂ, ಆಮೇಲೆ ದಿನ ಬಿಟ್ಟು ದಿನ ನಾನು ಕಿರಂಗೂರಿಗೆ ಹೋಗಿ ಡ್ರೆಸ್ಸಿಂಗ್ ಮಾಡಿದೆ. ಅವನು ಗೋಡೆ ನೋಡುತ್ತಿದ್ದ, ನಾನು ಗಾಯ ನೋಡುತ್ತಿದ್ದೆ. ಒಂದು ದಿನ ತಾನಾಗಿಯೇ ಬಾಯಿ ಬಿಡುತ್ತಾನೆ, ನಿಜ ಏನೆಂದು ಟ್ರಸ್ಟಿನವರಿಗೆ ಹೇಳುತ್ತಾನೆ ಎಂಬ ಆಸೆ ನನಗಿತ್ತು. ಕುರ್ಚಿಯ ಆಸೆ ಬಿಟ್ಟವಳಿಗೆ ಈ ಆಸೆಯನ್ನು ಬಿಡಲಾಗಲಿಲ್ಲ.

ಊರುಗೋಲು ಹಿಡಿದು ಓಡಾಡುವಷ್ಟಾದಾಗ ಆಸ್ಪತ್ರೆಯ ಅಂಗಳದಲ್ಲಿ ಅವನಿಗೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಕಾಲುಬಟ್ಟೆ ತನ್ನ ಬಹುದಿನದ ಕನಸೆಂದ. ವ್ಯಾನಿಗೆ ಹೊಸ ನರ್ಸು ಬರುತ್ತಾರೆಂದ. ಆಮೇಲೆ ದನಿ ತಗ್ಗಿಸಿ, "ನಮ್ಮ ಸಿಸ್ಟರಿಂದ ಹಿಂದೆ ಕೆಲವು ತಪ್ಪುಗಳಾದವು. ಅವನ್ನು ನೆನಪಿಟ್ಟುಕೊಳ್ಳುವುದು ಬೇಡ. ಒಬ್ಬ ಕ್ರೈಸ್ತನಾಗಿ ನಾನು ಅವರನ್ನು ಕ್ಷಮಿಸಿದ್ದೇನೆ" ಎಂದ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಇಬ್ಬರು ಹೆಂಗಸರು ಹಿಂದೆ ತಿರುಗಿ, ನನಗೆ ಒಳ್ಳೆಯದಾಯಿತೆಂಬಂತೆ ಮುಗುಳ್ನಕ್ಕರು.

ಮನೆಗೆ ಬಂದು ಪಾತ್ರೆ ತಿಕ್ಕುತ್ತ ಅತ್ತುಬಿಟ್ಟೆ. ನೀನು ಹೇಳಿದ್ದು ಮಾಡಿದೆನಲ್ಲ, ನನಗೆ ಇದಾ ಸಿಕ್ಕಿದ್ದು ಎಂದು ದೇವರನ್ನು ನೇರವಾಗಿ ಕೇಳಿದೆ. ಮಾರನೆಯ ದಿನ ಡ್ರೆಸ್ಸಿಂಗಿನ ದಿನವಾಗಿತ್ತು. ಬೇರೆ ನರ್ಸನ್ನು ಕಳಿಸಬಹುದಿತ್ತು. ಆದರೆ ಆ ಗಾಯ ಮುಚ್ಚುವ ಹಂತದಲ್ಲಿತ್ತು, ಅಂಚು ಹೆರೆಯುವುದರಲ್ಲಿ ಸ್ವಲ್ಪ ತಪ್ಪಿದರೂ ಮತ್ತೆ ಮೊದಲಿನಿಂದ ಶುರು. ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ.

ಹಾರ ಇನ್ನೂ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ನನ್ನನ್ನು ಕಂಡು ಅವನು ಕೈಯಲ್ಲಿದ್ದ ಪೇಪರು ಕೆಳಗಿಟ್ಟ.

"ಇವತ್ತು ಬರಲ್ಲ ಅನ್ಕೊಂಡಿದ್ದೆ ಅಕ್ಕ."

"ನಾನೂ ಅಂಗೇ ಅನ್ಕೊಂಡಿದ್ದೆ."

ಬ್ಲೇಡು, ಹತ್ತಿ, ಉಪ್ಪುನೀರು ತೆಗೆದಿಟ್ಟು ನೆಲಕ್ಕೆ ಕೂತೆ. ಅವನು ಕೆಮ್ಮಿದ. "ನೆನ್ನೆ ನಾನ್ ಏಳಿದ್ದು..."

"ನೀನ್ ನನ್ನ ಕ್ಷಮ್ಸಿದ್ದು ಕೇಳುಸ್ಕೊಂಡೆ. ನಾನಿನ್ನೂ ನಿನ್ನ ಕ್ಷಮ್ಸಿಲ್ಲ ಕಣ್ಲಾ. ಕಾಲ್ ಕೊಡು."